ಅಡುಗೆಮನೆಯ ಕಿಟಕಿಯಿಂದ: ಅತ್ತೆಯವರ ದಂತ್ಯಾಕ್ಷರಗಳು

ಎರಡು ವರ್ಷಗಳ ಹಿಂದೆ, ಕಳೆದ ಸಮ್ಮೇಳನದ ಸ್ಮರಣ ಸಂಚಿಕೆಯ ಇದೇ ಪುಟದಲ್ಲಿ, ಹಿಮ ಬೀಳುವ ನಾಡಿನಲ್ಲಿ ಕರಿಬೇವಿನ ಗಿಡವನ್ನು ಬದುಕಿಸಿಕೊಳ್ಳುವ ಬಗೆಯನ್ನು ಕುರಿತು ಬರೆದಿದ್ದೆ. ಅದನ್ನು ಓದಿದ ಎಷ್ಟೋ ಸೋದರಿಯರು ದೂರವಾಣಿಯ ಮೂಲಕ ತಮ್ಮ ತಮ್ಮ ಗಿಡಗಳ ಯೋಗಕ್ಷೇಮವನ್ನು ತಿಳಿಸಿದರು. ಈ ಸಲ ಸಂಪಾದಕರು ಲೇಖನ ಕೇಳಿದಾಗ, "ಹಲ್ಲು ಕಟ್ಟಿಸಿಕೊಳ್ಳುವ ವಿಷಯ ಬರೆಯುತ್ತೇನೆ" ಎಂದೆ. ಅವರು ಕ್ಷಣಕಾಲ ಸುಮ್ಮನಿದ್ದು, "ಹಬ್ಬದ ಸಂಚಿಕೆಯಲ್ಲವೇ ಅಮ್ಮಾ, ಸ್ವಲ್ಪ ಮಂಗಳಕರವಾದದ್ದು ಏನಾದರೂ..." ಎಂದು ರಾಗ ಎಳೆದರು. ನಗುವಿಗಿಂತ ಮಂಗಳಕರವಾದದ್ದು ಯಾವುದಿದೆ, ಆ ನಗುವಿಗೆ ಹಲ್ಲು ಬೇಡವೇ ಎಂದು ವಾದಿಸಿ ಅವರನ್ನು ಒಪ್ಪಿಸಿದೆ.

ಆದರೆ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ನಿಜವಾದ ಕಾರಣ ಬೇರೆಯೇ ಇದೆ. ಕರಿಬೇವಿನ ಗಿಡದ ಬೇರು ಕೊಳೆಯದಂತೆ ಎಷ್ಟು ನೀರು ಹಾಕಬೇಕೆಂದು ನಾನು ಅಷ್ಟು ವಿವರವಾಗಿ ಬರೆಯುತ್ತಿದ್ದ ದಿನಗಳಲ್ಲಿ, ಪಕ್ಕದ ಕೋಣೆಯಲ್ಲಿ ನಮ್ಮ ಅತ್ತೆಯವರು ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ಕುಳಿತು ಮೊಸರನ್ನ ನುಂಗುತ್ತಿದ್ದರು. ಅದೇಕೆಂದು ನಾನು ಕೇಳಿರಲಿಲ್ಲ. ಅವರ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಅದಕ್ಕೇನಂತೆ. ನಾಲ್ಕು ಜನಕ್ಕೆ ಉಪಯೋಗವಾಗಲಿ. ಆದ್ರೆ ನನ್ನ ಫೋಟೋ ಮಾತ್ರ ಹಾಕಿಸಬೇಡ" ಎಂಬುದು ಅವರ ಷರತ್ತು.

ಅತ್ತೆಯವರು ಹಾಸನದ ಕಡೆಯವರು. ನಮ್ಮ ಮಾವನವರು ತೀರಿಕೊಂಡ ಮೇಲೆ 2009ರಲ್ಲಿ ಮಿಷಿಗನ್ನಿನ ನಮ್ಮ ಮನೆಗೆ ಬಂದು ನೆಲೆಸಿದರು. ಆಗಲೇ ಅವರ ಬಾಯಿಯಲ್ಲಿ ಅರ್ಧದಷ್ಟು ಹಲ್ಲುಗಳು ಮಾತ್ರ ಉಳಿದಿದ್ದವು. ಒಂದೊಂದಾಗಿ ಹಲ್ಲು ಅಲುಗಾಡಿದಾಗಲೂ ನಮ್ಮ ಮನೆಯಲ್ಲಿ ಕೇಳಿಬರುತ್ತಿದ್ದ ಮಾತು ಒಂದೇ: "ಮುಂದಿನ ಸಲ ಊರಿಗೆ ಹೋದಾಗ ನೋಡಿಸೋಣ." ಈ ವಾಕ್ಯವನ್ನು ಉಚ್ಚರಿಸದ ಕನ್ನಡಿಗರ ಮನೆ ಈ ದೇಶದಲ್ಲಿ ಒಂದಾದರೂ ಇದ್ದೀತೆ? ಚಿನ್ನದ ಬಳೆಯ ಕೊಂಡಿ ಸಡಿಲವಾದರೂ ಊರು, ರವಿಕೆಯ ಹೊಲಿಗೆ ಬಿಚ್ಚಿದರೂ ಊರು, ಹಲ್ಲು ನೋವಿಗೂ ಊರು. ಲೆಕ್ಕವೇನೂ ಸುಳ್ಳಲ್ಲ. 1965ರ ಕಾಯಿದೆಯಿಂದ ಬಂದ ಮೆಡಿಕೇರ್ ಹೃದಯಕ್ಕೆ ಹಣ ಕೊಡುತ್ತದೆ, ಮಂಡಿಗೆ ಹಣ ಕೊಡುತ್ತದೆ. ಸಾಮಾನ್ಯ ದಂತಚಿಕಿತ್ಸೆಗೂ ಕಟ್ಟಿಸುವ ಹಲ್ಲಿಗೂ ಕೊಡುವುದಿಲ್ಲ. ಬಾಯಿಯೆಂಬುದು ದೇಹದ ಭಾಗವಲ್ಲವೆಂದು ಅದನ್ನು ರೂಪಿಸಿದವರು ಭಾವಿಸಿದ್ದರೋ ಏನೋ! ಖಾಸಗಿ ಕಂಪನಿಗಳು ನಡೆಸುವ ಅಡ್ವಾಂಟೇಜ್ ಯೋಜನೆಗಳಲ್ಲಿ ಕೆಲವು ಒಂದಿಷ್ಟು ನೆರವು ಕೊಡುವುದುಂಟು. ಅದಕ್ಕೂ ಒಂದು ಮಿತಿ.

ಹೀಗಾಗಿ 2022ರ ಡಿಸೆಂಬರ್‌ನಲ್ಲಿ ನಾದಿನಿಯ ಮಗನ ಮದುವೆಗೆಂದು ಊರಿಗೆ ಹೋದಾಗ, ಹದಿನೆಂಟು ದಿನಗಳ ರಜೆಯಲ್ಲಿ ಮದುವೆ, ದೇವಸ್ಥಾನ, ಸೀರೆ ಅಂಗಡಿಗಳ ನಡುವೆ ಅತ್ತೆಯವರ ಹಲ್ಲನ್ನೂ ಸೇರಿಸಿಕೊಂಡೆವು. ಉಳಿದಿದ್ದ ಒಂಬತ್ತು ಹಲ್ಲುಗಳನ್ನು ಕೀಳಿಸಿ, ಹೊರಡುವ ಹಿಂದಿನ ದಿನ ಮೇಲಕ್ಕೂ ಕೆಳಕ್ಕೂ ಹೊಳೆಹೊಳೆಯುವ ಸೆಟ್ಟು ಹಾಕಿಸಿಕೊಂಡು ವಿಮಾನ ಹತ್ತಿದ್ದಾಯಿತು. ಅಲ್ಲಿನ ದಂತವೈದ್ಯರು ತಿಳಿದವರು. "ಹಲ್ಲು ಕಿತ್ತ ಜಾಗ ಇನ್ನೂ ಕುಗ್ಗುತ್ತದೆ, ಆರು ತಿಂಗಳಲ್ಲಿ ಇದು ಸಡಿಲವಾಗುತ್ತದೆ, ಆಗ ಒಳಗಡೆ ಹೊಸ ಪದರ ಕೊಡಿಸಲೇಬೇಕು" ಎಂದು ಸ್ಪಷ್ಟವಾಗಿ ಹೇಳಿದ್ದರು. ನನ್ನ ಪತಿ ತಲೆಯಾಡಿಸಿದರು, ನಾನೂ ತಲೆಯಾಡಿಸಿದೆ. ಆ ಮಾತು ವಿಮಾನ ನಿಲ್ದಾಣವನ್ನು ದಾಟಿ ನಮ್ಮೊಡನೆ ಬರಲಿಲ್ಲ.

ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ಇದ್ದಂತೆ ಕಂಡಿತು. ನಮ್ಮ ಕನ್ನಡ ಕೂಟದವರು ಭಾನುವಾರಗಳಲ್ಲಿ ಮಕ್ಕಳಿಗಾಗಿ ನಡೆಸುವ ಕನ್ನಡ ತರಗತಿಗೆ ಅತ್ತೆಯವರು ಹಲವು ವರ್ಷಗಳಿಂದ ಹೋಗಿ ಕಥೆ ಹೇಳುತ್ತಿದ್ದರು. ಆ ಮಕ್ಕಳಿಗೆ ಪುಸ್ತಕದ ಕನ್ನಡಕ್ಕಿಂತ ಅವರ ಬಾಯಿಯ ಕನ್ನಡವೇ ಪ್ರಿಯ. 2023ರ ರಾಜ್ಯೋತ್ಸವದ ನಂತರ, ಇದ್ದಕ್ಕಿದ್ದಂತೆ, "ನಾನು ಇನ್ನು ಬರೋದಿಲ್ಲ, ಚಳಿ" ಎಂದರು. ಚಳಿ ಕಳೆದು ಬೇಸಗೆ ಬಂದರೂ ಚಳಿಯೇ. ಊಟಕ್ಕೆ ಕರೆದರೆ, "ನೀವು ಮಾಡಿ, ನಾನು ಆಮೇಲೆ" ಎನ್ನುವರು. ಮನೆಗೆ ಯಾರಾದರೂ ಬಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಎರಡು ಮಾತಾಡಿ ಕೋಣೆ ಸೇರುವರು. ನಸುಕಿನಲ್ಲಿ ಗಟ್ಟಿಯಾಗಿ ಕೇಳುತ್ತಿದ್ದ ವಿಷ್ಣು ಸಹಸ್ರನಾಮವೂ ನಿಂತುಹೋಯಿತು.

ಓದುಗರಲ್ಲಿ ಸೊಸೆಯರಾದವರು ನನ್ನನ್ನು ಅರ್ಥಮಾಡಿಕೊಂಡಾರು. ಅತ್ತೆ ಮೌನವಾದರೆ ಸೊಸೆಗೆ ಮೊದಲು ಹೊಳೆಯುವುದು ಮುನಿಸು. ನಾನು ಆಡಿದ ಯಾವ ಮಾತಿಗೆ ಬೇಸರಗೊಂಡರೋ ಎಂದು ಲೆಕ್ಕ ಹಾಕಿದೆ. ಒಂದೆರಡು ಸಿಕ್ಕಿದವು ಕೂಡ. ಬಳಿಕ ನನಗೂ ಬಿಗುಮಾನ ಬಂತು. ತಟ್ಟೆಯನ್ನು ಕೋಣೆಗೇ ಒಯ್ದು ಇಟ್ಟು ಬರಲಾರಂಭಿಸಿದೆ. ಎಂಟು ತಿಂಗಳು ಹೀಗೇ ಕಳೆಯಿತು ಎಂದು ಈಗ ಬರೆಯುವಾಗ ಕೈ ತಡೆಯುತ್ತದೆ.

2024ರ ಜುಲೈನಲ್ಲಿ ವೈದ್ಯರಲ್ಲಿಗೆ ವಾಡಿಕೆಯ ತಪಾಸಣೆಗೆ ಕರೆದೊಯ್ದಾಗ ಅವರ ತೂಕ ಹನ್ನೊಂದು ಪೌಂಡ್ ಇಳಿದಿತ್ತು. ಅದೇ ವಾರ ಅವರ ಬೀರುವಿನಲ್ಲಿ ಸೀರೆಗಳನ್ನು ಬಿಸಿಲಿಗೆ ಹಾಕಲೆಂದು ತೆಗೆಯುತ್ತಿರುವಾಗ, ಕೆಳಗಡೆ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಮಾವನವರ ಹಳೆಯ ಕರವಸ್ತ್ರ, ಕರವಸ್ತ್ರದೊಳಗೆ ಎರಡು ಸಾಲು ಹಲ್ಲು. ಒಣಗಿ ಹೋಗಿದ್ದವು.

"ಇದನ್ನು ಯಾಕೆ ಹೇಳಲಿಲ್ಲ ಅತ್ತೆ?"

"ಏನಂತ ಹೇಳಲಮ್ಮಾ? ಅಷ್ಟು ದುಡ್ಡು ಖರ್ಚು ಮಾಡಿ ಕಟ್ಟಿಸಿದ್ದೀರಿ. ಹಾಕ್ಕೊಂಡ್ರೆ ವಸಡು ಹುಣ್ಣಾಗತ್ತೆ, ಮಾತಾಡಿದ್ರೆ ಕಳಚಿ ಬರತ್ತೆ. ರಾಜ್ಯೋತ್ಸವದ ದಿನ ಆ ಮಕ್ಕಳ ಮುಂದೆ ಕಥೆ ಹೇಳ್ತಾ ಇದ್ದಾಗ ಕೆಳಗಿನದು ಬಿದ್ದೇ ಹೋಯ್ತು ಕಣೇ. ಸೆರಗಲ್ಲಿ ಹಿಡ್ಕೊಂಡೆ. ಯಾರೂ ನೋಡ್ಲಿಲ್ಲ ಅನ್ಕೊಂಡಿದೀನಿ."

ಸಹಸ್ರನಾಮ ಏಕೆ ನಿಲ್ಲಿಸಿದಿರೆಂದು ಕೇಳಿದೆ. "ಸ ಅಂದ್ರೆ ಶ ಅನ್ನತ್ತೆ, ದ ಅಂದ್ರೆ ಬರೀ ಗಾಳಿ. ದೇವರ ಹೆಸರನ್ನ ಅಷ್ಟು ಕೆಡಿಸಿ ಹೇಳೋದಕ್ಕಿಂತ ಸುಮ್ನಿರೋದು ವಾಸಿ ಅಲ್ವೇ?" ಎಂದರು.

ಕನ್ನಡವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡಿದವಳು ನಾನು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಪರೀಕ್ಷೆಗಾಗಿ ಉರುಹೊಡೆದಿದ್ದೆ. ತ ಥ ದ ಧ ನ, ಜೊತೆಗೆ ಲ ಮತ್ತು ಸ ದಂತ್ಯಗಳು, ವ ದಂತೋಷ್ಠ್ಯ ಎಂದು ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಹಲ್ಲಿಲ್ಲದವರು ಆ ಅಕ್ಷರಗಳನ್ನು ಎಲ್ಲಿ ಹುಡುಕಬೇಕೆಂದು ನನಗಾಗಲಿ, ನನ್ನ ಅಧ್ಯಾಪಕರಿಗಾಗಲಿ ಹೊಳೆದಿರಲಿಲ್ಲ. ನಾಲಿಗೆಯ ತುದಿ ಹೋಗಿ ತಾಗಬೇಕಾದ ಗೋಡೆಯೇ ಇಲ್ಲದಿದ್ದರೆ ದಕಾರ ಎಲ್ಲಿಂದ ಹುಟ್ಟೀತು? ಕನ್ನಡದಲ್ಲಿ ದಕಾರವಿಲ್ಲದೆ ಒಂದು ವಾಕ್ಯವನ್ನಾದರೂ ಮುಗಿಸಲು ಪ್ರಯತ್ನಿಸಿ ನೋಡಿ. ಅದು, ಇದು, ಇದೆ, ಬಂದೆ, ತಿಂದೆ, ಹೋದದ್ದು, ಕಂಡದ್ದು. ನಮ್ಮ ಮೊಮ್ಮಗಳು ಆ ದಿನಗಳಲ್ಲಿ ನನ್ನ ಬಳಿಗೆ ಬಂದು, "ದೊಡ್ಡಜ್ಜಿ ಏನು ಹೇಳ್ತಾರೆ, ಇಂಗ್ಲಿಷಿನಲ್ಲಿ ಹೇಳು" ಎನ್ನುತ್ತಿದ್ದಳು. ಮಗುವಿಗೆ ಕನ್ನಡ ಮರೆಯುತ್ತಿದೆ ಎಂದು ನಾನು ಅವಳ ತಾಯಿಯನ್ನು ಗದರಿದ್ದೆ. ಮಗುವಿನ ತಪ್ಪೂ ಅಲ್ಲ, ತಾಯಿಯ ತಪ್ಪೂ ಅಲ್ಲ.

ಬಳಿಕ ವಿಷಯವನ್ನು ಕೇಳಿ ಓದಿ ತಿಳಿದುಕೊಂಡೆ. ಹಲ್ಲನ್ನು ಹಿಡಿದಿರುವ ದವಡೆಯ ಮೂಳೆಗೆ ಹಲ್ಲೇ ಕೆಲಸ. ಹಲ್ಲು ಹೋದ ಮೇಲೆ ಆ ಮೂಳೆ ಕರಗುತ್ತಾ ಹೋಗುತ್ತದೆ. ಕಿತ್ತ ಮೊದಲ ವರ್ಷದಲ್ಲಿ ಅತ್ಯಂತ ವೇಗವಾಗಿ, ಆಮೇಲೆ ನಿಧಾನವಾಗಿ, ಆದರೆ ಜೀವನಪರ್ಯಂತ. ಮೇಲ್ದವಡೆಗಿಂತ ಕೆಳದವಡೆಯ ಸವೆತ ಹೆಚ್ಚು. ಮೇಲಿನ ಸೆಟ್ಟು ಇಡೀ ಅಂಗುಳವನ್ನು ಆವರಿಸಿ, ಜೊಲ್ಲಿನ ತೆಳುಪದರದ ಬಲದಿಂದ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಆ ಭಾಗ್ಯವಿಲ್ಲ. ಕುದುರೆಯ ಲಾಳದಂತಹ ಅದರ ಆಕಾರದ ನಡುವೆ ನಾಲಿಗೆ ಸದಾ ಓಡಾಡುತ್ತಿರುತ್ತದೆ. ಎತ್ತಿ ಎತ್ತಿ ಎಸೆಯುತ್ತದೆ. ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದ ಬಾಯಿ ಒಣಗಿದರಂತೂ ಮೇಲಿನದೂ ಹಿಡಿಯುವುದಿಲ್ಲ. ಹದಿನೆಂಟು ದಿನಗಳಲ್ಲಿ ಅಳತೆ ಕೊಟ್ಟು ಮಾಡಿಸಿದ ಸೆಟ್ಟು, ಮಳೆಗಾಲದಲ್ಲಿ ದಡ ಕುಸಿಯುತ್ತಿರುವ ಹೊಳೆಗೆ ಅಳತೆ ಹಿಡಿದು ಸಂಕ ಹಾಕಿದಂತೆ. ಸಂಕದ ತಪ್ಪಿಲ್ಲ, ಬಡಗಿಯ ತಪ್ಪೂ ಇಲ್ಲ.

ಪರಿಚಿತರೊಬ್ಬರ ಸಲಹೆಯಂತೆ ಆನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ದಂತವೈದ್ಯ ಕಾಲೇಜಿಗೆ ಹೋದೆವು. 1875ರಲ್ಲಿ ಆರಂಭವಾದ ಸಂಸ್ಥೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಖಾಸಗಿ ವೈದ್ಯರಿಗಿಂತ ಶುಲ್ಕ ಕಡಿಮೆ, ಆದರೆ ಪ್ರತಿ ಹಂತದಲ್ಲೂ ಅಧ್ಯಾಪಕರು ಬಂದು ನೋಡಬೇಕಾದುದರಿಂದ ತಾಳ್ಮೆ ಹೆಚ್ಚು ಬೇಕು. ಇಂತಹ ಕಾಲೇಜುಗಳು ಈ ದೇಶದ ಅನೇಕ ರಾಜ್ಯಗಳಲ್ಲಿವೆ ಎಂಬುದನ್ನು ನಮ್ಮವರಲ್ಲಿ ಬಹಳ ಮಂದಿ ಗಮನಿಸಿಲ್ಲ.

ಅತ್ತೆಯವರು ಸುಲಭವಾಗಿ ಒಪ್ಪಲಿಲ್ಲ. "ಈ ವಯಸ್ಸಿಗೆ ಯಾಕೆ? ಗಾಂಧೀಜಿ ಬೊಚ್ಚುಬಾಯಲ್ಲೇ ನಗ್ತಾ ಇರಲಿಲ್ವೇ?" ಎಂದು ದೊಡ್ಡ ಸಾಕ್ಷಿಯನ್ನೇ ತಂದರು. ಗಾಂಧೀಜಿಯವರೂ ಹಲ್ಲು ಕಟ್ಟಿಸಿಕೊಂಡಿದ್ದರು, ಊಟದ ಹೊತ್ತಿಗೆ ಹಾಕಿಕೊಳ್ಳುತ್ತಿದ್ದರು ಎಂದು ನನ್ನ ಪತಿ ತಿಳಿಸಿದ ಮೇಲೆ ಆ ವಾದ ಅಲ್ಲಿಗೆ ನಿಂತಿತು.

ಅದೇ ಕಾಲೇಜಿನಲ್ಲಿ ಸಿಂಡಕ್ಯೂಸ್ ಹೆಸರಿನ ದಂತವೈದ್ಯ ವಸ್ತುಸಂಗ್ರಹಾಲಯವಿದೆ. ಅತ್ತೆಯವರು ಒಳಗಿರುವಾಗ ನಾನು ಮೊಮ್ಮಗಳ ಕೈ ಹಿಡಿದುಕೊಂಡು ಅಲ್ಲಿ ಓಡಾಡುತ್ತಿದ್ದೆ. ಜಾರ್ಜ್ ವಾಷಿಂಗ್ಟನ್ನರಿಗೆ ಮರದ ಹಲ್ಲುಗಳಿದ್ದವೆಂದು ಅವಳಿಗೆ ಯಾರೋ ಹೇಳಿದ್ದರು. ಅದು ಕಟ್ಟುಕಥೆ. 1789ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವಾಗ ಅವರ ಬಾಯಿಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ ಒಂದು. ನೀರಾನೆಯ ದಂತ, ಸೀಸ, ಮನುಷ್ಯರ ಹಲ್ಲು ಇವುಗಳಿಂದ ಮಾಡಿ ಸ್ಪ್ರಿಂಗ್ ಜೋಡಿಸಿದ ಸೆಟ್ಟುಗಳನ್ನು ಅವರು ಧರಿಸುತ್ತಿದ್ದರು. ಅಂತಹ ಒಂದು ಸೆಟ್ಟನ್ನು ಇಂದಿಗೂ ಮೌಂಟ್ ವರ್ನನ್‌ನಲ್ಲಿ ಇರಿಸಿದ್ದಾರೆ. ಗುಲಾಮರಾಗಿದ್ದ ಕಪ್ಪು ಜನರಿಂದ ಒಂಬತ್ತು ಹಲ್ಲುಗಳನ್ನು ಹಣ ಕೊಟ್ಟು ಪಡೆದ ಲೆಕ್ಕ 1784ರ ಅವರ ಖಾತೆಯಲ್ಲಿದೆ ಎಂಬುದನ್ನು ಆರು ವರ್ಷದ ಮಗುವಿಗೆ ಹೇಳಲು ಮನಸ್ಸು ಬರಲಿಲ್ಲ. ದೊಡ್ಡವಳಾದ ಮೇಲೆ ತಾನೇ ಓದಿಯಾಳು.

ನಮ್ಮ ಪಾಲಿಗೆ ಬಂದ ವಿದ್ಯಾರ್ಥಿನಿ ಚಿಕ್ಕ ವಯಸ್ಸಿನ, ಸೌಮ್ಯ ಸ್ವಭಾವದ ಹುಡುಗಿ. ಮೊದಲಿನ ಹಲ್ಲಿನ ಅಳತೆ, ಜೋಡಣೆ ತಿಳಿಯಲು ಹಳೆಯ ಛಾಯಾಚಿತ್ರ ತರಲು ಹೇಳಿದಳು. 1962ರ ಮದುವೆಯ ಚಿತ್ರ ತೆಗೆದುಕೊಂಡು ಹೋದೆವು. ಆ ಕಾಲದ ಮದುವಣಗಿತ್ತಿಯರು ನಗುತ್ತಿದ್ದರೇ? ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದಾರೆ. ಕೊನೆಗೆ ನನ್ನ ಮಗಳ ನಾಮಕರಣದ ದಿನ ತೆಗೆದ ಚಿತ್ರವೊಂದರಲ್ಲಿ ಅತ್ತೆಯವರು ಬಾಯ್ತುಂಬ ನಗುತ್ತಿರುವುದು ಸಿಕ್ಕಿತು. ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಮತ್ತೊಂದರ ಮೇಲೆ ಸ್ವಲ್ಪ ಏರಿಕೊಂಡಿತ್ತು. ಹಾಗೆಯೇ ಇಡಲೇ ಎಂದು ಆ ಹುಡುಗಿ ಕೇಳಿದಾಗ ಅತ್ತೆಯವರ ಕಣ್ಣು ತುಂಬಿತು. ಬಣ್ಣದ ಮಾದರಿಗಳನ್ನು ತೋರಿಸಿದಾಗ ಮಾತ್ರ ಅವರು ಗಟ್ಟಿಯಾದರು. "ಸಿನಿಮಾ ತಾರೆಯರ ಹಲ್ಲು ಬೇಡಮ್ಮಾ, ಎಂಬತ್ತು ವರ್ಷ ಕಾಫಿ ಕುಡಿದ ಹಲ್ಲಿನ ಬಣ್ಣ ಕೊಡು" ಎಂದದ್ದನ್ನು ನಾನು ಅನುವಾದಿಸಿದೆ. ಅಚ್ಚು ತೆಗೆಯುವುದು, ಕಡಿತದ ಎತ್ತರ ಗೊತ್ತುಮಾಡುವುದು, ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವುದು, ಎಲ್ಲ ಸೇರಿ ಏಳು ಸಲ ಹೋಗಿ ಬಂದೆವು. ಮೂಳೆಯಲ್ಲಿ ಎರಡು ತಿರುಪುಗಳನ್ನು ನೆಟ್ಟು ಕೆಳಗಿನ ಸೆಟ್ಟನ್ನು ಅವಕ್ಕೆ ಸಿಕ್ಕಿಸುವ ಉತ್ತಮ ವಿಧಾನವೂ ಇದೆಯೆಂದು ಅಧ್ಯಾಪಕರು ವಿವರಿಸಿದರು. ಅತ್ತೆಯವರು ಕೈಮುಗಿದು ಬೇಡವೆಂದರು. ಶಕ್ತಿ, ವಯಸ್ಸು, ಹಣ ಅನುಕೂಲವಾಗಿರುವವರು ಅದನ್ನು ವಿಚಾರಿಸುವುದು ಒಳ್ಳೆಯದು.

ಹೊಸ ಹಲ್ಲು ಬಂದ ದಿನವೇ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲ ವಾರ ಬಾಯ್ತುಂಬ ಜೊಲ್ಲು, ಮಾತಿಗೊಂದು ಟಿಕ್ ಎಂಬ ಸದ್ದು, ಸಕಾರಕ್ಕೊಂದು ಸಿಳ್ಳು. ಅದಕ್ಕಿಂತ ನನ್ನನ್ನು ನೋಯಿಸಿದ್ದೆಂದರೆ, ಏನು ಮಾಡಿ ಬಡಿಸಿದರೂ "ಸಪ್ಪೆ" ಎನ್ನುವರು. ಸಾರು ಸಪ್ಪೆ, ಗೊಜ್ಜು ಸಪ್ಪೆ, ಕಾಫಿಯೂ ಸಪ್ಪೆ. ಮೂವತ್ತು ವರ್ಷಗಳಿಂದ ಹಾಕುತ್ತಿರುವ ಉಪ್ಪಿನ ಕೈ ತಪ್ಪಿತೇ ಎಂದು ನಾನು ಒಳಗೊಳಗೇ ಕುದಿದೆ. ಅಂಗುಳವನ್ನು ಮುಚ್ಚಿದಾಗ ರುಚಿ ಮಂಕಾದಂತೆ ಅನಿಸುತ್ತದೆ, ಬಿಸಿಯೂ ಬೇಗ ತಿಳಿಯುವುದಿಲ್ಲ, ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ ಎಂದು ಆ ಹುಡುಗಿ ಹೇಳಿದ ಮೇಲೆ ನನ್ನ ಉಪ್ಪಿಗೆ ಮರ್ಯಾದೆ ಬಂತು. ಗಂಟಲು ಸುಟ್ಟುಕೊಳ್ಳದಂತೆ ಕಾಫಿಯನ್ನು ಆರಿಸಿ ಕೊಡಲು ಕಲಿತೆ.

ಹೊಸದರಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಬೇಕೆಂಬುದು ಅವರ ಇನ್ನೊಂದು ಸೂಚನೆ. ಅದಕ್ಕೆ ಜೊತೆಗಾತಿ ಮನೆಯಲ್ಲೇ ಇದ್ದಳು. ಮೊಮ್ಮಗಳಿಗೂ ಆಗಷ್ಟೇ ಮುಂದಿನ ಎರಡು ಹಾಲುಹಲ್ಲು ಬಿದ್ದಿದ್ದವು. ಇಲ್ಲಿನ ಪದ್ಧತಿಯಂತೆ ದಿಂಬಿನಡಿ ಇಟ್ಟು ಡಾಲರ್ ಪಡೆದಿದ್ದಳು. "ನಾವು ಸಗಣಿ ಉಂಡೇಲಿ ಇಟ್ಟು ಮಾಡಿನ ಮೇಲೆ ಎಸೀತಿದ್ವಿ, ಒಂದು ಕಾಸೂ ಬರ್ತಿರಲಿಲ್ಲ" ಎಂದು ದೊಡ್ಡಜ್ಜಿ ಅಸೂಯೆಪಟ್ಟರು. ಇಬ್ಬರೂ ಅಡುಗೆಮನೆಯ ಮೇಜಿನ ಬಳಿ ಎದುರುಬದುರು ಕುಳಿತು ತ ಥ ದ ಧ ನ ಎಂದು ಕಾಗುಣಿತ ಒಪ್ಪಿಸುವರು. ಒಬ್ಬರಿಗೆ ಹೊಸ ಗೋಡೆ ಅಡ್ಡ, ಇನ್ನೊಬ್ಬಳಿಗೆ ಗೋಡೆಯೇ ಇಲ್ಲ. ನಾನು ಒಲೆಯ ಮುಂದೆ ನಿಂತು ತಿದ್ದುತ್ತಿದ್ದೆ, ಬಿ.ಎ. ಪದವಿಗೆ ಇಷ್ಟು ಕೆಲಸ ಸಿಕ್ಕಿದ್ದು ಅದೇ ಮೊದಲು.

ಊಟದ ವಿಚಾರದಲ್ಲಿ ನಮ್ಮ ಹಿರಿಯರ ಜಾಣತನವನ್ನು ನೆನೆಯಬೇಕು. ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಎಲೆಅಡಿಕೆಗೆ ಕುಟ್ಟಾಣಿಯಿತ್ತು. ಕಟ್ಟಿಸಿದ ಹಲ್ಲಿಗೆ ಸ್ವಂತ ಹಲ್ಲಿನ ಬಲದ ಕಾಲುಭಾಗದಷ್ಟೇ ಕಡಿಯುವ ಶಕ್ತಿ ಎನ್ನುತ್ತಾರೆ. ಆದ್ದರಿಂದ ಚಿಕ್ಕ ತುತ್ತು, ಎರಡೂ ಕಡೆ ಸಮನಾಗಿ ಅಗಿಯುವುದು, ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯದಿರುವುದು. ಬರೀ ಗಂಜಿ, ಮೊಸರನ್ನಗಳಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹಿರಿಯರು ಇಳಿದುಹೋಗುತ್ತಾರೆ. ಅದನ್ನು ನಾನು ತೂಕದ ಯಂತ್ರದ ಮೇಲೆ ಕಂಡಿದ್ದೇನೆ. ಬೇಳೆಯನ್ನು ನುಣ್ಣಗೆ ಬೇಯಿಸಿ, ಸೊಪ್ಪನ್ನು ಮಸೆದು, ತರಕಾರಿಯನ್ನು ತುರಿದು ಹಾಕಿದರಾಯಿತು. ರಾತ್ರಿ ಸೆಟ್ಟನ್ನು ತೆಗೆದು ವಸಡಿಗೆ ವಿಶ್ರಾಂತಿ ಕೊಡಬೇಕು, ಇಲ್ಲದಿದ್ದರೆ ಅಂಗುಳದಲ್ಲಿ ಬೂಷ್ಟಿನಂತಹ ಸೋಂಕು ಹುಟ್ಟಿ ಕೆಂಪಾಗುತ್ತದೆ. ತೆಗೆದದ್ದನ್ನು ತಣ್ಣೀರಿನಲ್ಲೇ ಇಡಬೇಕು. ಕರವಸ್ತ್ರದಲ್ಲಿ ಒಣಗಿಸಿದರೂ, ಕುದಿನೀರಿನಲ್ಲಿ ಹಾಕಿದರೂ ಸೊಟ್ಟಗಾಗುತ್ತದೆ. ಸಾಮಾನ್ಯ ಪೇಸ್ಟಿನಿಂದ ಉಜ್ಜಿದರೆ ಗೀರು ಬೀಳುತ್ತದೆ. ತೊಳೆಯುವಾಗ ಬೇಸಿನ್ನಿನಲ್ಲಿ ಒಂದು ಬಟ್ಟೆ ಹಾಸಿಕೊಳ್ಳಿ. ಜಾರಿ ಬಿದ್ದರೆ ಎರಡು ಹೋಳು. ಊರಿನಲ್ಲೇ ಮಾಡಿಸುವುದಾದರೆ ಬೇಡವೆನ್ನುವುದಿಲ್ಲ, ಅಲ್ಲಿಯ ವೈದ್ಯರ ಕೈ ಒಳ್ಳೆಯದು. ಆದರೆ ಮದುವೆಯ ಓಡಾಟದ ನಡುವೆ ಬೇಡ, ಮತ್ತು ಆಮೇಲಿನ ತಿದ್ದುಪಡಿಗೆ ಇಲ್ಲೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡಿ.

ಪ್ರಸಕ್ತ ಸಮ್ಮೇಳನದ ಆಹಾರ ಸಮಿತಿಯವರಿಗೆ ನಾನೊಂದು ಪತ್ರ ಬರೆದಿದ್ದೇನೆ. ಊಟದ ಸಾಲಿನಲ್ಲಿ ಹಿರಿಯರು ತಟ್ಟೆ ಹಿಡಿದು ಬಂದು, ಕೋಸಂಬರಿ, ಚಪಾತಿ, ಹುರಿದ ಗೋಡಂಬಿಗಳನ್ನು ನೋಡಿ, ಸುಮ್ಮನೆ ಎರಡು ಸೌಟು ಅನ್ನ ಹಾಕಿಸಿಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ಒಂದು ಮೇಜಿನ ಮೇಲೆ ಮೆತ್ತಗಿನ ಬಿಸಿಬೇಳೆ ಹುಳಿಯನ್ನ, ಇಡ್ಲಿ, ಪಾಯಸ ಇರಲಿ. ಹತ್ತಿರದಲ್ಲೇ ಕನ್ನಡಿಯೂ ನೀರೂ ಇರುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಇರಲಿ ಎಂದು ಕೋರಿದ್ದೇನೆ. ಕಟ್ಟಿಸಿದ ಹಲ್ಲಿನಡಿ ಒಂದು ಸಾಸಿವೆ ಸಿಕ್ಕಿಕೊಂಡರೆ ಆಗುವ ಯಾತನೆ ಅನುಭವಿಸಿದವರಿಗೇ ಗೊತ್ತು. ಸಾರ್ವಜನಿಕ ಶೌಚಾಲಯದ ಬೇಸಿನ್ನುಗಳ ಸಾಲಿನಲ್ಲಿ ನಿಂತು ಅದನ್ನು ತೆಗೆದು ತೊಳೆಯಲು ನಮ್ಮ ಹಿರಿಯ ಹೆಂಗಸರು ಸಾಯುತ್ತಾರೆಯೇ ಹೊರತು ಒಪ್ಪುವುದಿಲ್ಲ. ಸಮಿತಿಯವರು ಇಡ್ಲಿಗೆ ಒಪ್ಪಿದ್ದಾರೆ. ಕೋಣೆಯ ವಿಚಾರ ಪರಿಶೀಲನೆಯಲ್ಲಿದೆಯಂತೆ.

ಅತ್ತೆಯವರು ಮತ್ತೆ ಭಾನುವಾರದ ತರಗತಿಗೆ ಹೋಗುತ್ತಿದ್ದಾರೆ. ಮನೆಯಲ್ಲಿ ನಾವಷ್ಟೇ ಇರುವಾಗ ಕೆಳಗಿನದನ್ನು ತೆಗೆದು ಬಟ್ಟಲಿನಲ್ಲಿಟ್ಟುಬಿಡುವುದುಂಟು. ನಾನು ಏನೂ ಅನ್ನುವುದಿಲ್ಲ. ಅದು ಮತ್ತೆ ಸ್ವಲ್ಪ ಸಡಿಲವಾಗಿದೆ. ಈ ಸಲ ಆ ಮಾತನ್ನು ಅವರೇ ಬಂದು ಹೇಳಿದರು, ಊಟದ ಮೇಜಿನ ಬಳಿ, ಎಲ್ಲರ ಮುಂದೆ. ಸಮ್ಮೇಳನ ಮುಗಿದ ಮರುವಾರ ಆನ್ ಆರ್ಬರ್‌ಗೆ ಹೋಗುವುದೆಂದು ದಿನ ಗೊತ್ತುಮಾಡಿಸಿದ್ದೇನೆ. "ಆ ಹುಡುಗಿ ಓದು ಮುಗಿಸಿ ಹೋಗಿಬಿಟ್ಟಿದ್ದಾಳೋ ಏನೋ, ಹೋಗೋವಾಗ ಅವಳಿಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡ್ಕೊಡು" ಎಂದಿದ್ದಾರೆ. ತಮಗೂ ಎರಡು ತುಂಡು ಎತ್ತಿಡಬೇಕಂತೆ, ತೆಳ್ಳಗೆ ಕೊಯ್ದು.